ವ್ಯಾಲರಂಟ್‌ನಲ್ಲಿ ಸಿಲ್ವರ್ ದಾಟೋಕೆ ಆಗ್ತಿಲ್ವಾ? ಯಾವುದನ್ನು ಮೊದಲು ಸರಿ ಮಾಡಬೇಕು, ಯಾವುದನ್ನು ಆಮೇಲೆ

ವ್ಯಾಲರಂಟ್ ಎಂದರೆ ಐವರ ಎರಡು ತಂಡಗಳು ಗನ್ ಹಿಡಿದು ಆಡುವ ಆನ್‌ಲೈನ್ ಆಟ. ಪಂದ್ಯ ಗೆದ್ದರೆ 16 ಅಂಕ ಬರುತ್ತದೆ, ಸೋತರೆ 23 ಹೋಗುತ್ತದೆ. ಈ ಎರಡು ಅಂಕಿ ಇರುವ ಸ್ಕ್ರೀನ್‌ಶಾಟ್ ಕಳಿಸಿ "ಇದು ಮೋಸ ಅಲ್ವಾ?" ಎಂದು ಕೇಳುವವರು ತುಂಬ ಜನ. ಮೋಸ ಅಲ್ಲ. ಆದರೆ ಆ ಅಂಕಿಯನ್ನು ಓದಲು ಬಾರದೆ ಇನ್ನೂ ಜಾಸ್ತಿ ಪಂದ್ಯ ಆಡುತ್ತಾ ಹೋದರೆ ಮೂರು ತಿಂಗಳಾದರೂ ಅದೇ ಜಾಗದಲ್ಲಿ ಇರುತ್ತೀರಿ. ಬಹಳ ಮಂದಿ ಕಷ್ಟಪಡುವುದರಲ್ಲಿ ಹಿಂದೆ ಬಿದ್ದಿಲ್ಲ. ಅವರ ಕ್ರಮ ತಪ್ಪಿದೆ, ಅಷ್ಟೇ. ಎಂಟನೇ ಕೆಲಸವನ್ನು ಮೊದಲು ಮಾಡುತ್ತಾರೆ, ಎರಡನೆಯದನ್ನು ಮಾಡುವುದೇ ಇಲ್ಲ.

ಇದು ಪಿಸಿಯಲ್ಲಿ ಐರನ್‌ನಿಂದ ಗೋಲ್ಡ್‌ವರೆಗೆ (ಆಟದ ಕೆಳಗಿನ ನಾಲ್ಕು ದರ್ಜೆಗಳು) ಸಿಕ್ಕಿಹಾಕಿಕೊಂಡವರಿಗೆ ಬರೆದದ್ದು. ಒಂದೊಂದು ಹಂತ ಮುಗಿಸಿಯೇ ಮುಂದಿನದಕ್ಕೆ ಹೋಗಿ.

## ಮೊದಲು ಕೈಯಲ್ಲಿ ಇರಬೇಕಾದದ್ದು

ಒಂದು ಲ್ಯಾನ್ ಕೇಬಲ್. ಹೆಜ್ಜೆ ಸದ್ದು ಎಡವೋ ಬಲವೋ ಎಂದು ಸರಿಯಾಗಿ ಕೇಳುವ ಹೆಡ್‌ಫೋನ್, ಜೊತೆಗೆ ಮೈಕ್. ಕೈ ಅಗಲವಾಗಿ ಆಡಿಸಲು ಜಾಗ ಇರುವ ಮೌಸ್‌ಪ್ಯಾಡ್. ಒಂದು ನೋಟ್‌ಬುಕ್, ಒಂದು ಪೆನ್. ದುಬಾರಿ ಮೌಸ್, 240 ಹರ್ಟ್ಜ್ ಮಾನಿಟರ್ ಇವೆಲ್ಲ ಇದ್ದರೆ ಒಳ್ಳೆಯದು, ಆದರೆ ಸಿಲ್ವರ್ ದಾಟಲು ಅವು ಬೇಕಿಲ್ಲ.

ವಿಂಡೋಸ್ 11 ಇದ್ದರೆ ಬಯಾಸ್‌ನಲ್ಲಿ (ಪಿಸಿ ಶುರುವಾಗುವಾಗ ತೆರೆಯುವ ಸೆಟ್ಟಿಂಗ್) ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತಾ ಆಯ್ಕೆಗಳು ಎರಡೂ ಆನ್ ಇರಬೇಕು. ಇಲ್ಲದಿದ್ದರೆ ಮೋಸ ತಡೆಯುವ ವ್ಯಾನ್‌ಗಾರ್ಡ್ ತಂತ್ರಾಂಶ ಆಟ ತೆರೆಯಲು ಬಿಡದೆ 'ವ್ಯಾನ್ 9001' ಅಥವಾ 'ವ್ಯಾನ್ 9003' ಎಂಬ ದೋಷ ತೋರಿಸುತ್ತದೆ. ಆಗ ಆಟವನ್ನು ತೆಗೆದು ಮತ್ತೆ ಹಾಕಿ ಡೇಟಾ ಖಾಲಿ ಮಾಡಬೇಡಿ. ಬಯಾಸ್‌ಗೆ ಹೋಗಿ ಈ ಎರಡನ್ನು ನೋಡಿ.

ಹೊಸ ಖಾತೆಯಾದರೆ ಲೆವೆಲ್ 20 ತಲುಪುವವರೆಗೆ ಕಾಂಪಿಟೇಟಿವ್ (ರ‍್ಯಾಂಕ್ ಸಿಗುವ ಪಂದ್ಯ) ತೆರೆಯುವುದಿಲ್ಲ. ಬೇಗ ಮುಗಿಸೋಣ ಎಂದು ಆ 20 ಲೆವೆಲ್‌ಗಳನ್ನು ಸುಮ್ನೆ ಓಡಿಸಬೇಡಿ. ಮ್ಯಾಪ್‌ಗಳ ಹೆಸರು, ಜಾಗಗಳ ಹೆಸರು ಕಲಿಯುವುದು ಅಲ್ಲೇ.

## ಹಂತ 1: ನಿಮ್ಮ ಅಂಕಿ ಓದುವುದನ್ನು ಕಲಿಯಿರಿ

ಆಟದಲ್ಲಿ ಎರಡು ಲೆಕ್ಕ ನಡೆಯುತ್ತಿರುತ್ತವೆ. ಒಂದು ಕಣ್ಣಿಗೆ ಕಾಣುವ ರ‍್ಯಾಂಕ್. ಐರನ್, ಬ್ರಾಂಜ್, ಸಿಲ್ವರ್, ಗೋಲ್ಡ್, ಪ್ಲಾಟಿನಮ್, ಡೈಮಂಡ್, ಅಸೆಂಡೆಂಟ್, ಇಮ್ಮಾರ್ಟಲ್, ಒಂದೊಂದರಲ್ಲೂ ಮೂರು ಮೆಟ್ಟಿಲು. ಕೊನೆಗೆ ರೇಡಿಯಂಟ್. ಕೆಳಗಿನ ಮೆಟ್ಟಿಲುಗಳಲ್ಲಿ 100 ಆರ್‌ಆರ್ (ಗೆದ್ದಾಗ ಬರುವ, ಸೋತಾಗ ಹೋಗುವ ಅಂಕ) ಆದರೆ ಒಂದು ಮೆಟ್ಟಿಲು ಮೇಲೆ.

ಇನ್ನೊಂದು ಎಂಎಂಆರ್, ಅಂದರೆ ನಿಮ್ಮ ಆಟದ ಮಟ್ಟಕ್ಕೆ ಆಟವೇ ಒಳಗೆ ಇಟ್ಟಿರುವ ಅಂಕ. ಇದು ಎಲ್ಲಿಯೂ ಕಾಣುವುದಿಲ್ಲ. ಆದರೆ ನಿಮ್ಮ ಎದುರಿಗೆ ಯಾರು ಬರಬೇಕು ಎಂದು ತೀರ್ಮಾನಿಸುವುದು ಇದೇ. ಕಾಣುವ ರ‍್ಯಾಂಕ್ ನಿಧಾನವಾಗಿ ಈ ಎಂಎಂಆರ್ ಕಡೆಗೆ ಜಾರುತ್ತಾ ಇರುತ್ತದೆ.

ಈಗ ಆ 16 ಮತ್ತು 23ಕ್ಕೆ ಬನ್ನಿ. ಗೆದ್ದಾಗ ಬರುವುದು ಕಡಿಮೆ, ಸೋತಾಗ ಹೋಗುವುದು ಜಾಸ್ತಿ ಎಂದರೆ ನಿಮ್ಮ ರ‍್ಯಾಂಕ್ ನಿಮ್ಮ ಎಂಎಂಆರ್‌ಗಿಂತ ಮೇಲಿದೆ, ಆಟ ನಿಮ್ಮನ್ನು ಕೆಳಗೆ ಎಳೆಯುತ್ತಿದೆ ಎಂದರ್ಥ. ಹತ್ತು ಪಂದ್ಯದಲ್ಲಿ ಆರು ಗೆದ್ದು ನಾಲ್ಕು ಸೋತಿರಿ ಅಂದುಕೊಳ್ಳಿ. ಬಂದದ್ದು 96, ಹೋದದ್ದು 92. ಉಳಿದದ್ದು ಬರೀ 4. ಅದೇ ಆರು ಗೆಲುವು, ಗೆದ್ದರೆ 22 ಸೋತರೆ 17 ಇರುವವನಿಗೆ 64 ಕೊಡುತ್ತದೆ. ಇಬ್ಬರ ಗೆಲುವೂ ಒಂದೇ, ಫಲ ಬೇರೆ.

ಇಲ್ಲಿ ಬಹಳ ಮಂದಿ ಮಾಡುವ ತಪ್ಪು, ಈ 4 ನೋಡಿ ಕೈಚೆಲ್ಲುವುದು. ಆರು ಗೆದ್ದಿದ್ದೀರಿ ಎಂದರೆ ಒಳಗೆ ಎಂಎಂಆರ್ ಏರುತ್ತಿದೆ. ಹೀಗೇ ಗೆಲ್ಲುತ್ತಾ ಹೋದರೆ 16 ಎಂಬುದು 18 ಆಗುತ್ತದೆ, 20 ಆಗುತ್ತದೆ. ಹಾಗಾಗಿ ಇವತ್ತು ಎಷ್ಟು ಆರ್‌ಆರ್ ಬಂತು ಎಂದು ಲೆಕ್ಕ ಇಡಬೇಡಿ. ಒಂದು ಗೆಲುವಿಗೆ ಸರಾಸರಿ ಎಷ್ಟು ಬರುತ್ತಿದೆ, ಒಂದು ಸೋಲಿಗೆ ಎಷ್ಟು ಹೋಗುತ್ತಿದೆ ಎಂದು ವಾರಕ್ಕೊಮ್ಮೆ ನೋಟ್‌ಬುಕ್‌ನಲ್ಲಿ ಬರೆಯಿರಿ. ಆ ಎರಡರ ನಡುವಿನ ಅಂತರ ಕಡಿಮೆ ಆಗುತ್ತಿದ್ದರೆ ನೀವು ಸರಿ ದಾರಿಯಲ್ಲಿದ್ದೀರಿ.

ಆರ್‌ಆರ್ ಲೆಕ್ಕದಲ್ಲಿ ಗೆಲುವು ಸೋಲೇ ದೊಡ್ಡದು. ಎಷ್ಟು ರೌಂಡ್ ಅಂತರದಲ್ಲಿ ಗೆದ್ದಿರಿ ಅಥವಾ ಸೋತಿರಿ ಎಂಬುದೂ ಸೇರುತ್ತದೆ. ಕೆಳಗಿನ ರ‍್ಯಾಂಕ್‌ಗಳಲ್ಲಿ ನಿಮ್ಮ ಸ್ವಂತ ಆಟಕ್ಕೂ ಒಂದಿಷ್ಟು ಬೆಲೆ ಇದೆ. ಆದ್ದರಿಂದ ರೌಂಡ್ ಲೆಕ್ಕ 3-10 ಆಗಿದ್ದರೂ ಕೈಬಿಡಬೇಡಿ. 13-3ಕ್ಕೆ ಸೋಲುವುದು ಬೇರೆ, 13-9ಕ್ಕೆ ಸೋಲುವುದು ಬೇರೆ.

ಹೊಸ ಆಕ್ಟ್ (ಆಟದ ಸೀಸನ್‌ನ ಒಂದು ಭಾಗ) ಶುರುವಾದಾಗ ರ‍್ಯಾಂಕ್ ಕೆಳಗೆ ಕಂಡರೆ ಗಾಬರಿ ಬೇಡ. ಕಾಣುವ ರ‍್ಯಾಂಕ್ ಕೆಳಗೆ ಬಂದಿರಬಹುದು, ಎಂಎಂಆರ್ ಸೊನ್ನೆ ಆಗಿರುವುದಿಲ್ಲ.

## ಹಂತ 2: ಲೈನ್ ಮತ್ತು ಕರೆಂಟ್

ಸೆಟ್ಟಿಂಗ್ಸ್‌ನ ವಿಡಿಯೋ ಭಾಗದಲ್ಲಿ ಸ್ಟ್ಯಾಟ್ಸ್ ಎಂದಿದೆ. ಅಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ), ನೆಟ್‌ವರ್ಕ್ ರೌಂಡ್ ಟ್ರಿಪ್ ಟೈಮ್ (ಪಿಂಗ್, ಅಂದರೆ ಸರ್ವರ್‌ಗೆ ಹೋಗಿ ಬರುವ ಸಮಯ), ಪ್ಯಾಕೆಟ್ ಲಾಸ್ (ದಾರಿಯಲ್ಲಿ ಕಳೆದುಹೋಗುವ ಡೇಟಾ) ಮೂರನ್ನೂ ಆನ್ ಮಾಡಿ. ಪ್ಯಾಕೆಟ್ ಲಾಸ್ ಸೊನ್ನೆ ಇರಬೇಕು. ಆಗಾಗ 1, 2 ಎಂದು ಕುಣಿಯುತ್ತಿದ್ದರೆ ಮೊದಲು ವೈಫೈ ಬಿಟ್ಟು ಕೇಬಲ್ ಹಾಕಿ. ಪಿಂಗ್ 40 ಇದ್ದು ನಿಂತಲ್ಲೇ ನಿಂತಿದ್ದರೆ ಚೆನ್ನಾಗಿ ಆಡಬಹುದು. 25ರಿಂದ 90ಕ್ಕೆ ಜಿಗಿಯುತ್ತಾ ಇದ್ದರೆ ಆಗುವುದಿಲ್ಲ.

ಲಾಬಿಯಲ್ಲಿ ಸರ್ವರ್ ಆಯ್ಕೆ ಇದೆ. ಕರ್ನಾಟಕದಿಂದ ಆಡುವವರು ಮುಂಬೈ ಒಂದನ್ನೇ ಇಟ್ಟುಕೊಳ್ಳಿ. ಸಿಂಗಾಪುರಕ್ಕೂ ಟಿಕ್ ಬಿದ್ದಿದ್ದರೆ ಪಂದ್ಯ ಅಲ್ಲಿಗೆ ಹೋಗಿಬಿಡಬಹುದು. ಯುರೋಪಿಗೋ ಅಮೆರಿಕಕ್ಕೋ ಹೋದವರು ಊರಿನ ಗೆಳೆಯರ ಜೊತೆ ಆಡಲು ಆಗುತ್ತಿಲ್ಲ ಎಂದು ಪರದಾಡುತ್ತಾರೆ. ಕಾರಣ ಇಷ್ಟೇ: ಖಾತೆಗೆ ಒಂದು ಪ್ರದೇಶ ಅಂಟಿಕೊಂಡಿರುತ್ತದೆ. ಮುಂಬೈ ಸರ್ವರ್ ಬರುವುದು ಏಷ್ಯಾ ಪೆಸಿಫಿಕ್ ಪ್ರದೇಶದಲ್ಲಿ.

ಕರೆಂಟ್ ವಿಷಯವನ್ನು ನಾನು ಕೈಸುಟ್ಟುಕೊಂಡು ಕಲಿತೆ. 11-11, ನಾನು ಮತ್ತು ಇನ್ನೊಬ್ಬ ಉಳಿದಿದ್ದೆವು, ಎದುರಿಗೆ ಒಬ್ಬನೇ. ಕರೆಂಟ್ ಹೋಯಿತು. ಪಿಸಿಗೆ ಯುಪಿಎಸ್ ಇತ್ತು, ಪರದೆ ಉರಿಯುತ್ತಲೇ ಇತ್ತು, ಆದರೆ ರೂಟರ್ ಸತ್ತಿತ್ತು. ಆಟದೊಳಗಿನ ನನ್ನ ಆಟಗಾರ್ತಿ ಗೋಡೆಗೆ ಮುಖ ಮಾಡಿ ನಿಂತುಬಿಟ್ಟಳು. ಆ ಪಂದ್ಯ ಹೋಯಿತು, ಜೊತೆಗೆ ಮಧ್ಯದಲ್ಲಿ ಬಿಟ್ಟುಹೋದ ದಂಡವೂ ಬಿತ್ತು. ನಾಲ್ಕು ಜನ ಅಪರಿಚಿತರ 40 ನಿಮಿಷವೂ ನನ್ನಿಂದ ಹಾಳಾಯಿತು. ಅದು ಇವತ್ತಿಗೂ ಬೇಜಾರು. ರೂಟರ್‌ಗೆ ಅಂತಲೇ ಸಣ್ಣ ಯುಪಿಎಸ್ ಸಿಗುತ್ತದೆ. ಫೈಬರ್ ಪೆಟ್ಟಿಗೆ ಬೇರೆ, ರೂಟರ್ ಬೇರೆ ಇದ್ದರೆ ಎರಡಕ್ಕೂ ಬೇಕು. ಕೊಳ್ಳುವಾಗ ಅಡಾಪ್ಟರ್ ಮೇಲಿನ ವೋಲ್ಟ್ ನೋಡಿಕೊಂಡು ಹೋಗಿ.

## ಹಂತ 3: ಮೌಸ್ ವೇಗ ಒಂದೇ ಸಲ ಇಟ್ಟು ಬಿಡಿ

ಮೌಸ್‌ನ ಡಿಪಿಐಯನ್ನು (ಮೌಸ್‌ನದೇ ವೇಗದ ಅಂಕಿ) ಆಟದೊಳಗಿನ ಸೆನ್ಸಿಟಿವಿಟಿಯಿಂದ ಗುಣಿಸಿ. 800 ಡಿಪಿಐ, 0.35 ಸೆನ್ಸಿಟಿವಿಟಿ ಎಂದರೆ 280. ಚೆನ್ನಾಗಿ ಆಡುವ ಬಹಳ ಮಂದಿ 200ರಿಂದ 400ರ ಒಳಗೇ ಇರುತ್ತಾರೆ. ನಿಮ್ಮದು 800, 900 ಬಂದರೆ ತಲೆ ಮೇಲೆ ಗುರಿ ನಿಲ್ಲುವುದು ಕಷ್ಟ. 300ರ ಆಸುಪಾಸಿಗೆ ತನ್ನಿ, ಆಮೇಲೆ ಒಂದು ತಿಂಗಳು ಮುಟ್ಟಬೇಡಿ. ಮೊದಲ ಮೂರು ದಿನ ಕೈ ಭಾರ ಅನ್ನಿಸುತ್ತದೆ. ಅಷ್ಟಕ್ಕೇ ಹಳೆಯದಕ್ಕೆ ಹೋಗಬೇಡಿ.

## ಹಂತ 4: ದಿನಾ 20 ನಿಮಿಷ ಕೈ ಪಳಗಿಸಿ

ಪೂರ್ತಿ ಹೆವಿ ಶೀಲ್ಡ್ ಹಾಕಿದವನಿಗೆ ಒಟ್ಟು 150 ಜೀವ. ವ್ಯಾಂಡಲ್ ಗನ್ನಿನ ಗುಂಡು ಮೈಗೆ ಬಿದ್ದರೆ 40, ಅಂದರೆ ನಾಲ್ಕು ಗುಂಡು ಬೇಕು. ತಲೆಗೆ ಬಿದ್ದರೆ ಎಷ್ಟೇ ದೂರವಿದ್ದರೂ 160, ಒಂದೇ ಗುಂಡು. ಫ್ಯಾಂಟಮ್ ಗನ್ ಹತ್ತಿರದಿಂದ ತಲೆಗೆ 156. ಆದರೆ ದೂರ ಜಾಸ್ತಿಯಾದರೆ 140ಕ್ಕೆ ಇಳಿಯುತ್ತದೆ, ಎದುರಾಳಿ 10 ಜೀವದಲ್ಲಿ ಉಳಿದುಬಿಡುತ್ತಾನೆ. "ತಲೆಗೆ ಹೊಡೆದರೂ ಸಾಯಲಿಲ್ಲ" ಎನ್ನುವ ದೂರಿನ ಹಿಂದೆ ಅನೇಕ ಸಲ ಇರುವುದು ಇದೇ.

ರೇಂಜ್‌ಗೆ (ಆಟದೊಳಗಿನ ಅಭ್ಯಾಸದ ಜಾಗ) ಹೋಗಿ 100 ಬೊಂಬೆಗಳನ್ನು ನಿಧಾನವಾಗಿ, ತಲೆಗೆ ಮಾತ್ರ ಹೊಡೆಯಿರಿ. ವೇಗ ಬೇಡ. ಎ ಅಥವಾ ಡಿ ಕೀಲಿ ಒತ್ತಿ ಒಂದು ಹೆಜ್ಜೆ ಸರಿಯಿರಿ, ಕೀಲಿ ಬಿಡಿ, ನಿಂತ ಮೇಲೆ ಹೊಡೆಯಿರಿ. ಓಡುತ್ತಾ ಹೊಡೆದರೆ ಗುಂಡು ಗುರಿಯ ಸುತ್ತ ಚೆಲ್ಲಾಡುತ್ತದೆ. ಆಮೇಲೆ ಒಂದು ಡೆತ್‌ಮ್ಯಾಚ್, ಅಂದರೆ ತಂಡವಿಲ್ಲದೆ ಎಲ್ಲರೂ ಎಲ್ಲರ ವಿರುದ್ಧ ಆಡುವ ಪಂದ್ಯ. ಅಲ್ಲಿ ಮೊದಲ ಸ್ಥಾನದ ಆಸೆ ಬಿಡಿ. ನಡೆಯುವಾಗ ಕ್ರಾಸ್‌ಹೇರ್ (ಪರದೆ ಮಧ್ಯದ ಗುರಿ ಚಿಹ್ನೆ) ನೆಲ ನೋಡುತ್ತಿದೆಯೋ, ತಲೆಯ ಮಟ್ಟದಲ್ಲಿದೆಯೋ ಎಂಬುದೊಂದನ್ನೇ ಗಮನಿಸಿ.

ಒಂದು ಗಂಟೆ ಅಭ್ಯಾಸ ಮಾಡಿ ಕೈ ಸೋತ ಮೇಲೆ ರ‍್ಯಾಂಕ್ ಪಂದ್ಯಕ್ಕೆ ಕೂರುವವರನ್ನು ನೋಡಿದ್ದೇನೆ. 20 ನಿಮಿಷ ಸಾಕು.

## ಹಂತ 5: ಇಬ್ಬರು ಏಜೆಂಟ್, ಅಷ್ಟೇ

ಏಜೆಂಟ್ ಎಂದರೆ ನೀವು ಆಡುವ ಪಾತ್ರ. ಶುರುವಿನಲ್ಲೇ ಬ್ರಿಮ್‌ಸ್ಟೋನ್, ಜೆಟ್, ಫೀನಿಕ್ಸ್, ಸೇಜ್, ಸೋವಾ ಐವರು ಸಿಗುತ್ತಾರೆ. ಬೇರೆಯವರು ಬೇಕಾದರೆ ಒಬ್ಬರಿಗೆ 8,000 ಕಿಂಗ್‌ಡಮ್ ಕ್ರೆಡಿಟ್ಸ್ (ಆಡುತ್ತಾ ಸಿಗುವ ಆಟದ ನಾಣ್ಯ). ಬ್ಯಾಟಲ್ ಪಾಸ್, ಗನ್ ಸ್ಕಿನ್, ಖಾತೆಯ ಲೆವೆಲ್ ಇವೆಲ್ಲ ಏರುತ್ತಾ ಹೋಗುತ್ತವೆ, ನೋಡಲು ಖುಷಿ. ಆದರೆ ಇವುಗಳಿಗೂ ನಿಮ್ಮ ಎಂಎಂಆರ್‌ಗೂ ಸಂಬಂಧ ಇಲ್ಲ.

ಒಂದು ತಂಡದಲ್ಲಿ ಒಬ್ಬ ಏಜೆಂಟ್ ಒಬ್ಬರಿಗೇ. ಹಾಗಾಗಿ ಎರಡು ಬೇರೆ ಬೇರೆ ಪಾತ್ರದಿಂದ ಒಬ್ಬೊಬ್ಬರನ್ನು ಆರಿಸಿಕೊಳ್ಳಿ. ನನ್ನನ್ನು ಕೇಳಿದರೆ ಒಬ್ಬರು ಕಂಟ್ರೋಲರ್ (ಹೊಗೆ ಹಾಕಿ ದಾರಿ ಮರೆಮಾಡುವವರು) ಇರಲೇಬೇಕು. ಸಿಲ್ವರ್‌ನಲ್ಲಿ ಐವರಲ್ಲಿ ಮೂವರು ಡ್ಯುಯೆಲಿಸ್ಟ್ (ಮುಂದೆ ನುಗ್ಗಿ ಹೊಡೆಯುವ ಪಾತ್ರ) ಒತ್ತುತ್ತಾರೆ, ಹೊಗೆ ಹಾಕಲು ಯಾರೂ ಇರುವುದಿಲ್ಲ. ಬ್ರಿಮ್‌ಸ್ಟೋನ್ ಕಲಿಯುವುದು ಸುಲಭ: ಮ್ಯಾಪ್ ತೆರೆ, ಮೂರು ಜಾಗ ಒತ್ತು, ಹೊಗೆ ಬೀಳುತ್ತದೆ. ಒಂದೊಂದು ಮ್ಯಾಪ್‌ನ ಒಂದೊಂದು ಸೈಟ್‌ಗೆ (ಬಾಂಬ್ ಇಡುವ ಜಾಗ) ಎಲ್ಲಿ ಹೊಗೆ ಬೇಕು ಎಂದು ಕಸ್ಟಮ್ ಪಂದ್ಯ ತೆರೆದು ನೋಡಿ ಬರೆದುಕೊಳ್ಳಿ. ಇದೊಂದು ಸಂಜೆಯ ಕೆಲಸ.

## ಹಂತ 6: ದುಡ್ಡಿನ ಲೆಕ್ಕ

ಇಲ್ಲಿ ನಿಧಾನವಾಗಿ ಓದಿ. ಸಿಲ್ವರ್‌ನಲ್ಲಿ ಗುರಿ ತಪ್ಪಿ ಸೋಲುವುದಕ್ಕಿಂತ ದುಡ್ಡು ತಪ್ಪಿ ಸೋಲುವುದೇ ಜಾಸ್ತಿ ಎಂಬುದು ನನ್ನ ಅನುಭವ.

ಪಂದ್ಯದೊಳಗೆ ಗನ್ ಕೊಳ್ಳಲು ಸಿಗುವ ದುಡ್ಡು ಇದು. ರೌಂಡ್ ಗೆದ್ದರೆ ಒಬ್ಬೊಬ್ಬರಿಗೂ 3,000. ಸೋತರೆ 1,900, ಸತತ ಎರಡನೇ ಸೋಲಿಗೆ 2,400, ಮೂರನೆಯದಕ್ಕೆ 2,900. ಒಂದು ಕಿಲ್‌ಗೆ 200. ವ್ಯಾಂಡಲ್ ಅಥವಾ ಫ್ಯಾಂಟಮ್ 2,900, ಹೆವಿ ಶೀಲ್ಡ್ 1,000. ಅಂದರೆ ಪೂರ್ತಿ ಖರೀದಿಗೆ 3,900, ಅದರ ಮೇಲೆ ಏಜೆಂಟ್‌ನ ಸಾಮರ್ಥ್ಯಗಳಿಗೆ ಒಂದಿಷ್ಟು.

ಮೊದಲ ರೌಂಡ್ ಆದ ಪಿಸ್ತೂಲ್ ರೌಂಡ್‌ನಲ್ಲಿ ಸಿಗುವ 800 ಪೂರ್ತಿ ಖರ್ಚು ಮಾಡಿ ಸೋತಿರಿ ಅಂದುಕೊಳ್ಳಿ. ಎರಡನೇ ರೌಂಡ್‌ಗೆ ಕೈಯಲ್ಲಿ 1,900. ಅಯ್ಯೋ ಬರಿಗೈಲಿ ಹೋಗೋದಾ ಎಂದು 1,600 ಕೊಟ್ಟು ಸ್ಪೆಕ್ಟರ್ ಗನ್ ತಗೊಂಡಿರಿ. ಉಳಿದದ್ದು 300. ಆ ರೌಂಡೂ ಹೋಯಿತು, 2,400 ಬಂತು. ಮೂರನೇ ರೌಂಡ್‌ಗೆ 2,700. ವ್ಯಾಂಡಲ್‌ಗೂ ಸಾಲದು! ಅದೇ ಎರಡನೇ ರೌಂಡ್‌ನಲ್ಲಿ ಏನೂ ಕೊಳ್ಳದೆ ಸುಮ್ಮನಿದ್ದರೆ 1,900ಕ್ಕೆ 2,400 ಸೇರಿ 4,300. ವ್ಯಾಂಡಲ್, ಹೆವಿ ಶೀಲ್ಡ್, ಇನ್ನೂ 400 ಉಳಿಯುತ್ತದೆ. ಒಂದು ಸ್ಪೆಕ್ಟರ್ ಎರಡು ರೌಂಡ್ ತಿಂದುಹಾಕುತ್ತದೆ.

ಇದನ್ನು ಬಾಯಿಪಾಠ ಮಾಡಬೇಕಿಲ್ಲ. ಖರೀದಿ ಪರದೆಯಲ್ಲಿ 'ಮಿನ್ ನೆಕ್ಸ್ಟ್ ರೌಂಡ್' ಎಂದು ಒಂದು ಅಂಕಿ ಇದೆ. ಈ ರೌಂಡ್ ಸೋತರೂ ಮುಂದಿನದಕ್ಕೆ ಕನಿಷ್ಠ ಇಷ್ಟು ಇರುತ್ತದೆ ಎಂದು ಅದು ಹೇಳುತ್ತದೆ. ಕೂಡಿಡುವ ರೌಂಡ್‌ನಲ್ಲಿ ಆ ಅಂಕಿ 3,900ಕ್ಕಿಂತ ಕೆಳಗೆ ಇಳಿಯುವ ಹಾಗೆ ಏನನ್ನೂ ಕೊಳ್ಳಬೇಡಿ. ಈ ಒಂದು ನಿಯಮ ಸಾಕು.

ನೀವೊಬ್ಬರೇ ಕೂಡಿಟ್ಟು ಉಳಿದ ನಾಲ್ವರು ಕೊಂಡರೆ ಪ್ರಯೋಜನವಿಲ್ಲ. ನಾಲ್ವರೂ ಕೊಳ್ಳುತ್ತಿದ್ದರೆ ನೀವೂ ಕೊಳ್ಳಿ. ಐವರೂ ಸೇರಿ ಮಾಡಿದ ತಪ್ಪು ನಿರ್ಧಾರ, ಒಬ್ಬೊಬ್ಬರ ಐದು ಸರಿ ನಿರ್ಧಾರಕ್ಕಿಂತ ವಾಸಿ. ನಿಮ್ಮ ಬಳಿ 7,000 ಇದ್ದು ಗೆಳೆಯನ ಬಳಿ 1,500 ಇದ್ದರೆ ಅವನಿಗೊಂದು ಗನ್ ಕೊಡಿಸಿ. 9,000ದ ಮೇಲೆ ದುಡ್ಡು ಸೇರುವುದೇ ಇಲ್ಲ, ಕೂಡಿಟ್ಟು ಏನು ಮಾಡುತ್ತೀರಿ?

## ಹಂತ 7: ಸ್ಪೈಕ್ ಇಟ್ಟ ಮೇಲೆ ಸುಮ್ಮನಿರಿ

ಸ್ಪೈಕ್, ಅಂದರೆ ದಾಳಿ ಮಾಡುವ ತಂಡ ಸೈಟ್‌ನಲ್ಲಿ ಇಡುವ ಬಾಂಬ್, ಸಿಡಿಯಲು 45 ಸೆಕೆಂಡ್. ಎದುರಾಳಿ ಅದನ್ನು ಡಿಫ್ಯೂಸ್ (ನಿಷ್ಕ್ರಿಯ) ಮಾಡಲು 7. ಅರ್ಧ, ಅಂದರೆ 3.5 ಸೆಕೆಂಡ್ ಮುಟ್ಟಿದರೆ ಅದು ಉಳಿದುಕೊಳ್ಳುತ್ತದೆ.

ಅಸೆಂಟ್ ಮ್ಯಾಪ್‌ನ ಬಿ ಸೈಟ್‌ನಲ್ಲಿ ಸ್ಪೈಕ್ ಇಟ್ಟಿದ್ದೀರಿ. ನೀವು ಮೂವರು, ಅವರು ಇಬ್ಬರು. ನೀವು ಬಿ ಮೇನ್‌ನಲ್ಲಿ (ಆ ಸೈಟ್‌ಗೆ ನುಗ್ಗುವ ದಾರಿ) ನಿಂತು ಸ್ಪೈಕ್ ನೋಡುತ್ತಿದ್ದೀರಿ. ಮಾರ್ಕೆಟ್ ಕಡೆ ಹೆಜ್ಜೆ ಸದ್ದು. ಒಂದು ಕಿಲ್ ಸಿಗುತ್ತದೆ ಎಂದು ಓಡುತ್ತೀರಿ, ಸಾಯುತ್ತೀರಿ. ನಿಮ್ಮ ಸೇಡಿಗೆ ಎರಡನೆಯವನು ಓಡುತ್ತಾನೆ, ಅವನೂ ಸಾಯುತ್ತಾನೆ. ಕೈಯಲ್ಲಿದ್ದ ರೌಂಡ್ ಹೋಯಿತು. ಈ ಒಂದು ತಪ್ಪಿಗೇ ನಾನು ಲೆಕ್ಕವಿಲ್ಲದಷ್ಟು ರೌಂಡ್ ಕಳೆದುಕೊಂಡಿದ್ದೇನೆ.

ಬರಬೇಕಾದವರು ಅವರು. ಗಡಿಯಾರ ಓಡುತ್ತಿರುವುದು ನಿಮ್ಮ ಪರವಾಗಿ. ಇಬ್ಬರು ಬೇರೆ ಬೇರೆ ಕೋನದಿಂದ ಸ್ಪೈಕ್ ನೋಡುತ್ತಾ ನಿಲ್ಲಿ. ಡಿಫ್ಯೂಸ್ ಸದ್ದು ಕೇಳಿದಾಗ ಇಣುಕಿ. ಅವರು ಮುಟ್ಟಿ ಬಿಟ್ಟು ನಿಮ್ಮನ್ನು ಎಳೆಯಲು ನೋಡುತ್ತಾರೆ, ಅದಕ್ಕೇ ಒಬ್ಬರು ಇಣುಕಿದಾಗ ಇನ್ನೊಬ್ಬರು ಕಾಯಬೇಕು. ಅರ್ಧ ಆಗದೆ 7 ಸೆಕೆಂಡ್‌ಗಿಂತ ಕಡಿಮೆ ಉಳಿದರೆ ಡಿಫ್ಯೂಸ್ ಸಾಧ್ಯವಿಲ್ಲ. ಆಗ ದೂರ ಓಡಿ, ಗನ್ ಉಳಿಸಿಕೊಳ್ಳಿ.

## ಹಂತ 8: ಮಾತು ಮತ್ತು ಜೊತೆಗಾರರು

ಮುಂಬೈ ಸರ್ವರ್‌ನಲ್ಲಿ ಹಿಂದಿ, ಇಂಗ್ಲಿಷ್ ಜಾಸ್ತಿ ಕೇಳಿಬರುತ್ತದೆ. ಹಿಂದಿ ಸರಿಯಾಗಿ ಬರಲ್ಲ ಎಂದು ಮೈಕ್ ಆಫ್ ಮಾಡಿ ಕೂರುವ ನಮ್ಮ ಹುಡುಗರು, ಹುಡುಗಿಯರು ತುಂಬ ಇದ್ದಾರೆ. ಇಷ್ಟಕ್ಕೆ ಭಾಷೆ ಬೇಕಿಲ್ಲ. ಜಾಗ, ಎಷ್ಟು ಜನ, ಎಷ್ಟು ಪೆಟ್ಟು. "ಬಿ ಮೇನ್, ಟೂ, ಜೆಟ್ ಮೈನಸ್ 120." ಮುಗಿಯಿತು. ಸತ್ತ ಮೇಲೆ ಇದನ್ನು ಒಂದು ಸಲ ಹೇಳಿ, ಮೈಕ್ ಬಿಡಿ. ಬದುಕಿರುವವನಿಗೆ ಹೆಜ್ಜೆ ಸದ್ದು ಕೇಳಬೇಕು.

ಯಾರಾದರೂ ಬೈಯಲು ಶುರು ಮಾಡಿದರೆ ಅವರನ್ನು ಮ್ಯೂಟ್ ಮಾಡಿ, ಪಂದ್ಯದ ನಂತರ ರಿಪೋರ್ಟ್ ಮಾಡಿ. ತಿರುಗಿ ಬೈದರೆ ಉಳಿದ ಮೂವರೂ ಆಟ ಬಿಟ್ಟು ಜಗಳ ಕೇಳುತ್ತಾರೆ.

ಕಾಂಪಿಟೇಟಿವ್‌ಗೆ ಒಬ್ಬರು, ಇಬ್ಬರು, ಮೂವರು ಅಥವಾ ಐವರು ಸೇರಬಹುದು. ನಾಲ್ವರಿಗೆ ಅವಕಾಶವಿಲ್ಲ. ಸಿಲ್ವರ್‌ನವರು ಇಬ್ಬರು ಮೂವರ ಗುಂಪಿನಲ್ಲಿ ಗೋಲ್ಡ್‌ವರೆಗಿನವರ ಜೊತೆ ಆಡಬಹುದು, ಪ್ಲಾಟಿನಮ್ ಜೊತೆ ಆಗುವುದಿಲ್ಲ. ಐವರ ಗುಂಪಿನಲ್ಲಿ ರ‍್ಯಾಂಕ್ ಅಂತರ ದೊಡ್ಡದಿದ್ದರೆ ಸಿಗುವ ಆರ್‌ಆರ್ ಕಡಿಮೆ. ನನ್ನ ಸಲಹೆ: ನಂಬಿಕೆಯ ಒಬ್ಬ ಜೊತೆಗಾರ. ಒಬ್ಬರು ಹೊಗೆ, ಒಬ್ಬರು ಮುಂದೆ ನುಗ್ಗುವವರು.

ದುಡ್ಡು ಕೊಟ್ಟು ರ‍್ಯಾಂಕ್ ಏರಿಸಿಕೊಡುವವರು, ಖಾತೆ ಮಾರುವವರು ಬರುತ್ತಾರೆ. ಹತ್ತಿರ ಸೇರಿಸಬೇಡಿ. ನಿಯಮಕ್ಕೆ ವಿರುದ್ಧ, ಖಾತೆ ಹೋಗಬಹುದು. ಉಳಿದರೂ ಗೋಲ್ಡ್ ಆಟ ಬಾರದವನು ಪ್ಲಾಟಿನಮ್‌ನಲ್ಲಿ ದಿನಾ ಸೋಲುತ್ತಾನೆ. ಉಚಿತ ಸ್ಕಿನ್ ಎಂದು ಬರುವ ಲಿಂಕ್‌ಗೂ ಇದೇ ಮಾತು. ಪಾಸ್‌ವರ್ಡ್ ಹಾಕಿದಿರೋ, ಖಾತೆ ನಿಮ್ಮದಲ್ಲ.

## ಹಂತ 9: ಯಾವಾಗ ಏಳಬೇಕು

ಸತತ ಎರಡು ಸೋತರೆ ಆ ದಿನದ ರ‍್ಯಾಂಕ್ ಮುಗಿಯಿತು. ಮೂರನೇ ಪಂದ್ಯ ಆಡುವುದು ಕಳೆದದ್ದನ್ನು ವಾಪಸ್ ತರಲು, ಚೆನ್ನಾಗಿ ಆಡಲು ಅಲ್ಲ. ಆಡಲೇಬೇಕು ಅನ್ನಿಸಿದರೆ ಸ್ವಿಫ್ಟ್‌ಪ್ಲೇ ಇದೆ, ಐದು ರೌಂಡ್ ಗೆದ್ದರೆ ಮುಗಿಯಿತು.

ಒಂದು ಪಂದ್ಯಕ್ಕೆ 40 ನಿಮಿಷ, ಓವರ್‌ಟೈಮ್ ಆದರೆ ಇನ್ನೂ ಜಾಸ್ತಿ. ಊಟಕ್ಕೆ ಕರೆಯುವ ಹೊತ್ತು, ನಾಳೆ ಬೆಳಗ್ಗೆ ಪರೀಕ್ಷೆ ಇರುವ ರಾತ್ರಿ ಕ್ಯೂ ಒತ್ತಬೇಡಿ.

ನಿಲ್ಲಿಸಲೇಬೇಕಾದ ಸೂಚನೆಗಳು ಇವು: ಸತ್ತ ಕೂಡಲೇ ಸ್ಕೋರ್‌ಬೋರ್ಡ್ ತೆರೆದು ಯಾರು ಕಡಿಮೆ ಕಿಲ್ ಮಾಡಿದ್ದಾರೆ ಎಂದು ಹುಡುಕುತ್ತಿದ್ದೀರಿ. ಪ್ರತಿ ರೌಂಡೂ ಒಂದೇ ಮೂಲೆಗೆ ಓಡುತ್ತಿದ್ದೀರಿ. ಭುಜ ಬಿಗಿಯಾಗಿ ಕಿವಿ ಹತ್ತಿರ ಬಂದಿದೆ. ಮಣಿಕಟ್ಟು ನೋಯುತ್ತಿದ್ದರೆ ಒಂದೆರಡು ದಿನ ಮೌಸ್ ಮುಟ್ಟಬೇಡಿ, ನೋವು ಉಳಿದರೆ ವೈದ್ಯರಿಗೆ ತೋರಿಸಿ.

## ಹಂತ 10: ಸತ್ತ ರೌಂಡ್‌ಗಳನ್ನು ಬರೆಯಿರಿ

ಪಿಸಿಯಲ್ಲಿ 2025ರಿಂದ ಆಟದೊಳಗೇ ರೀಪ್ಲೇ ಇದೆ. ಕರಿಯರ್ ಪುಟದಿಂದ ಸೋತ ಪಂದ್ಯ ತೆರೆಯಿರಿ. ಹೊಸ ಪ್ಯಾಚ್ ಬರುವ ಮುಂಚೆಯೇ ನೋಡಿ ಮುಗಿಸಿ. ಪೂರ್ತಿ ನೋಡಬೇಡಿ. ನೀವು ಸತ್ತ ಪ್ರತಿ ಸಲದ ಹಿಂದಿನ ಹತ್ತು ಸೆಕೆಂಡ್ ಮಾತ್ರ.

ಪ್ರತಿ ಸಾವಿಗೂ ಒಂದೇ ಪದ ಬರೆಯಿರಿ. 'ಗುರಿ', 'ದುಡ್ಡು', 'ಒಂಟಿ', 'ಓಡಿದೆ', 'ತಡ'. ಒಂಟಿ ಎಂದರೆ ಹತ್ತಿರದಲ್ಲಿ ಸೇಡು ತೀರಿಸಿಕೊಳ್ಳಲು ಯಾರೂ ಇರಲಿಲ್ಲ ಎಂದು. ಐದು ಪಂದ್ಯ ಆದ ಮೇಲೆ ಎಣಿಸಿ. ಎಲ್ಲದಕ್ಕೂ ಗುರಿಯೇ ಕಾರಣ ಎಂದು ನಂಬಿಕೊಂಡಿದ್ದ ನನಗೆ ಮೊದಲ ಸಲ ಎಣಿಸಿದಾಗ 71 ಸಾವಿನಲ್ಲಿ 'ಗುರಿ' 19, 'ಒಂಟಿ' 33 ಬಂತು. ಆ ತಿಂಗಳು ನಾನು ರೇಂಜ್‌ನ ಸಮಯ ಅರ್ಧ ಮಾಡಿ, ಜೊತೆಗಾರನಿಂದ ನಾಲ್ಕು ಹೆಜ್ಜೆಗಿಂತ ದೂರ ಹೋಗದೆ ಆಡಿದೆ. ಮುಂದಿನ ಎಣಿಕೆಯಲ್ಲಿ 'ಒಂಟಿ' 14ಕ್ಕೆ ಇಳಿಯಿತು.

ಎಲ್ಲಕ್ಕಿಂತ ಜಾಸ್ತಿ ಬಂದ ಪದ ಯಾವುದೋ, ಮುಂದಿನ ಎರಡು ವಾರ ಅದೊಂದರ ಮೇಲೇ ಕೆಲಸ ಮಾಡಿ. ಆಮೇಲೆ ಮತ್ತೆ ಐದು ಪಂದ್ಯ, ಮತ್ತೆ ಎಣಿಕೆ.